ಗಿಟಾರಿನ ತಂತಿ ಝರ್ರ್ ಅಂದರೆ...

ಮಗನೋ ಮಗಳೋ ಹಟ ಹಿಡಿದು ಎಲೆಕ್ಟ್ರಿಕ್ ಗಿಟಾರ್ ತರಿಸಿಕೊಂಡಿದ್ದಾರೆ ಎನ್ನಿ. ನಾಲ್ಕು ತಿಂಗಳು ಚೆನ್ನಾಗಿ ನುಡಿದ ವಾದ್ಯ ಈಗ ಮೀಟಿದರೆ 'ಝರ್ರ್' ಅನ್ನುತ್ತದೆ. "ನಿನ್ನ ಬೆರಳೇ ಸರಿಯಿಲ್ಲ, ಸುಮ್ನೆ ದುಡ್ಡು ದಂಡ" ಎಂದು ಮನೆಯವರು ಗೊಣಗುತ್ತಾರೆ. ಮಗು ಮುಖ ಸಣ್ಣದು ಮಾಡಿಕೊಂಡು ಗಿಟಾರನ್ನು ಮೂಲೆಗಿಡುತ್ತದೆ. ಸ್ವಲ್ಪ ತಾಳಿ, ಸೋದರಿಯರೇ! ಎಷ್ಟೋ ಸಲ ತಪ್ಪು ಬೆರಳಿನದಲ್ಲ, ವಾದ್ಯದ್ದು.

ತಂಬೂರಿಯ ಕುದುರೆಯ ಮೇಲೆ ನೂಲೆಳೆ ಇಟ್ಟು ನಾವು ಬೇಕೆಂದೇ ಝೇಂಕಾರ ಬರಿಸುತ್ತೇವೆ. ಗಿಟಾರಿಗೆ ಅದು ಬೇಡ. ಕಂಪಿಸುವ ತಂತಿ ಲೋಹದ ಮೆಟ್ಟಿಲಿಗೆ ತಗುಲಿದರೆ ಈ ಸದ್ದು ಬರುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದಿಲ್ಲವೇ? ಹಾಗೆಯೇ ಹವೆ ಬದಲಾದಾಗ ಗಿಟಾರಿನ ಮರದ ಕತ್ತೂ ಕೊಂಚ ಬಾಗುತ್ತದೆ.

ಮೊದಲು ಆಂಪ್ಲಿಫೈಯರಿನಿಂದ ವೈರು ತೆಗೆದು ಮೀಟಿಸಿ ನೋಡಿ. ಸದ್ದು ಪೂರಾ ನಿಂತರೆ ದೋಷ ವಿದ್ಯುತ್ತಿನ ಕಡೆಯದು. ತಂತಿ ಮುಟ್ಟಿದಾಗ ಕೈ ಜುಮ್ಮೆಂದರಂತೂ ಕೂಡಲೇ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದನ್ನು ಉದಾಸೀನ ಮಾಡಲೇಬೇಡಿ. ವೈರಿಲ್ಲದಾಗ ಮಾತ್ರ ಸಣ್ಣಗೆ ಕೇಳಿ, ಆಂಪ್ಲಿಫೈಯರಿನಲ್ಲಿ ಕೇಳಿಸದಿದ್ದರೆ ಚಿಂತೆಯಿಲ್ಲ.

ವೈರು ತೆಗೆದರೂ ಸದ್ದು ಉಳಿದು, ಆಂಪ್ಲಿಫೈಯರಿನಲ್ಲೂ ಕೇಳಿಸಿದರೆ, ಎಲ್ಲೆಲ್ಲಿ ಬರುತ್ತದೆ ಎಂದು ಕಿವಿಗೊಟ್ಟು ಗುರುತು ಮಾಡಿಕೊಳ್ಳಿ.

* ತಂತಿ ಒತ್ತದೆ ಮೀಟಿದಾಗ ಮಾತ್ರ: ತಲೆಯ ಬಳಿಯ ಪಟ್ಟಿಯ ಗೀರು ಆಳವಾಗಿದೆ. ಇದು ರಿಪೇರಿಯವರ ಕೆಲಸ.
* ಒಂದೇ ಜಾಗದಲ್ಲಿ: ಅದರ ಮುಂದಿನ ಮೆಟ್ಟಿಲು ಎದ್ದಿದೆ. ಬ್ಯಾಂಕ್ ಕಾರ್ಡಿನ ಅಂಚನ್ನು ಮೂರು ಮೆಟ್ಟಿಲ ಮೇಲಿಡಿ. ಅಲುಗಾಡಿದರೆ ನಡುವಿನದೇ ಎತ್ತರ. ಇದೂ ರಿಪೇರಿಯವರಿಗೆ.
* ಮೊದಲ ನಾಲ್ಕೈದು ಮನೆಗಳಲ್ಲಿ: ಕತ್ತು ತೀರಾ ನೆಟ್ಟಗಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ.
* ಎಲ್ಲ ಕಡೆ: ತಂತಿಗಳೇ ತಗ್ಗಿನಲ್ಲಿವೆ.

ಕತ್ತಿನ ಪರೀಕ್ಷೆ ಸುಲಭ. ಶ್ರುತಿ ಮಾಡಿದ ದಪ್ಪ ತಂತಿಯನ್ನು 1ನೇ ಮತ್ತು 17ನೇ ಮನೆಗಳಲ್ಲಿ ಒಟ್ಟಿಗೆ ಒತ್ತಿಸಿ, 7ನೇ ಮೆಟ್ಟಿಲ ಬಳಿ ನೋಡಿ. ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲವೆ? ಕತ್ತಿನೊಳಗಿನ ಟ್ರಸ್ ರಾಡನ್ನು ಅದರದೇ ಕೀಲಿಯಿಂದ ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ ನೋಡಿ. ಬಿಗಿಯಾಗಿದ್ದರೆ ಬಲವಂತ ಬೇಡ. ರಾಡ್ ಮುರಿದರೆ ಕತ್ತೇ ಹೋದ ಹಾಗೆ.

ಕತ್ತು ಸರಿಯಿದ್ದರೆ ಎತ್ತರ ಅಳೆಯಿರಿ. 12ನೇ ಮೆಟ್ಟಿಲ ಮೇಲೆ ದಪ್ಪ ತಂತಿ ಸುಮಾರು 2 ಮಿ.ಮೀ., ಸಣ್ಣ ತಂತಿ 1.5 ಮಿ.ಮೀ. ಇದ್ದರೆ ಹದ. ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕಾಸ್ಟರ್ ಮಾದರಿಯದಾದರೆ ಪ್ರತಿ ತಂತಿಗೂ ಒಂದೊಂದು ಪುಟ್ಟ ಕುದುರೆ, ಅದಕ್ಕೆ ಎರಡೆರಡು ತಿರುಪು. ಎರಡನ್ನೂ ಸಮನಾಗಿ, ಅಡುಗೆಗೆ ಉಪ್ಪು ಹಾಕಿದಂತೆ ಸ್ವಲ್ಪ ಸ್ವಲ್ಪವೇ ಏರಿಸಿ. ತೀರಾ ಏರಿಸಿದರೆ ಎಳೆಯ ಬೆರಳು ನೋಯುತ್ತದೆ.

ಈ ಕೆಲಸಕ್ಕೆ ಮಗುವನ್ನೇ ಜೊತೆಗೆ ಕೂರಿಸಿಕೊಳ್ಳಿ. ಅಳತೆ ನೀವು ನೋಡಿ, ತಿರುಪು ಮಗು ತಿರುಗಿಸಲಿ. ದೋಷ ತನ್ನದಲ್ಲವೆಂದು ಅದು ಕಣ್ಣಾರೆ ಕಂಡರೆ, ನಾಳೆ ನೀವು ಹೇಳದೆಯೇ ಅಭ್ಯಾಸಕ್ಕೆ ಕೂತೀತು.