ಸೋಡಾ ಬಿಟ್ಟರೆ ಕುಡಿಯೋದೇನು? ಮಂಚಿಕೇರಿಯ ‘ಆಸ್ರಿಗೆ’ಯಲ್ಲಿದೆ ಉತ್ತರ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳೋಕೆ ಸಣ್ಣದು: ಬಾಟಲಿ ಸೋಡಾ, ಕೋಲಾ ಬಿಡಬೇಕು ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ಅದರ ಬದಲಿಗೆ ಏನು ಕುಡಿಯೋದು? ಇದಕ್ಕೆ ಉತ್ತರ ಹುಡುಕೋಕೆ ನಾವು ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆ ಹೋಗೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕರ ಮನೆಗೆ ಹೋದ್ರೆ ಮೊದಲು ಕಿವಿಗೆ ಬೀಳೋ ಮಾತು ‘ಆಸ್ರಿಗೆ ಎಂತ?’ ಅಂದ್ರೆ, ದಣಿದು ಬಂದಿದ್ದೀರಿ, ಕುಡಿಯೋಕೆ ಏನು ಕೊಡಲಿ ಅಂತ. ಆ ಒಂದು ಪ್ರಶ್ನೆಗೆ ಅಲ್ಲಿ ಹತ್ತು ಉತ್ತರ ಇದೆ.

ಮೊದಲು ಬಾಟಲಿಯ ಲೆಕ್ಕ

ಮೊಬೈಲ್‌ನಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಹತ್ತಿರ ಹತ್ತಿರ 10ರಿಂದ 11 ಗ್ರಾಂ ಸಕ್ಕರೆ ಇರುತ್ತೆ. 250 ಮಿ.ಲೀ. ಕುಡಿದ್ರೆ ಸುಮಾರು 26 ಗ್ರಾಂ. ಒಂದು ಟೀ ಚಮಚ ಅಂದ್ರೆ 4 ಗ್ರಾಂ, ಹಾಗಾಗಿ ಆರೂವರೆ ಚಮಚ. 600 ಮಿ.ಲೀ. ಬಾಟಲಿ ಒಬ್ಬರೇ ಮುಗಿಸಿದ್ರೆ ಹದಿನೈದು, ಹದಿನಾರು ಚಮಚ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನು ಗೊತ್ತಾ? ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆ ಎಲ್ಲಾ ಸೇರಿ ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗೆ ಬಂದ್ರೆ ಇನ್ನೂ ಒಳ್ಳೇದು. 2000 ಕ್ಯಾಲೊರಿ ಊಟ ಮಾಡೋರಿಗೆ ಈ ಶೇ. 5 ಅಂದ್ರೆ 25 ಗ್ರಾಂ. ಒಂದು ಸಣ್ಣ ಬಾಟಲಿಗೇ ದಿನದ ಕೋಟಾ ಖಾಲಿ!

ಇದು ವಯಸ್ಸಾದವರ ಚಿಂತೆ ಅಂತ ಪಕ್ಕಕ್ಕೆ ಇಡಬೇಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು, 13 ಕೋಟಿಗೂ ಮೇಲೆ.

ನಿಮಗೆ ಬೇಕಿರೋದು ಯಾವುದು?

ಸೋಡಾ ಬಿಡೋಕೆ ಆಗ್ತಿಲ್ಲ ಅನ್ನೋರು ಒಂದು ಪ್ರಶ್ನೆ ಕೇಳ್ಕೊಳ್ಳಿ. ಅದರಲ್ಲಿ ನಿಮ್ಮನ್ನ ಎಳೀತಿರೋದು ತಂಪಾ, ಗ್ಯಾಸಾ, ಚುರುಕಾ, ಸಿಹಿಯಾ? ಒಂದೊಂದಕ್ಕೂ ಬೇರೆ ಬೇರೆ ಬದಲಿ ಇದೆ.

ತಂಪು ಬೇಕಾ? ಮಜ್ಜಿಗೆ ಇದೆ. ಒಂದೆಲಗ ಅಥವಾ ಸಾಂಬಾರಬಳ್ಳಿ ಸೊಪ್ಪು ಅರೆದು ಮಜ್ಜಿಗೆಗೆ ಹಾಕಿದ್ರೆ ತಂಬುಳಿ. ಅನ್ನಕ್ಕೂ ಆಯ್ತು, ಲೋಟದಲ್ಲಿ ಕುಡಿಯೋಕೂ ಆಯ್ತು. ಮಾವಿನ ಕಾಲದಲ್ಲಿ ಅಪ್ಪೆಹುಳಿ. ಹುಳಿ, ಉಪ್ಪು, ಖಾರದ ಆ ತೆಳು ಸಾರನ್ನ ಊಟದ ಕೊನೆಗೆ ಸುರಿದು ಕುಡಿಯೋರು ಆ ಸೀಮೆಯಲ್ಲಿ ಬೇಕಾದಷ್ಟು. ಒಣಗಿಸಿದ ಮುರುಗಲು ಸಿಪ್ಪೆಯನ್ನ, ಅದೇ ನಮ್ಮ ಕೋಕಂ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಜೀರಿಗೆ, ಉಪ್ಪು ಹಾಕಿದ್ರೆ ಕೆಂಪು ಪಾನಕ ರೆಡಿ. ಬಿಪಿ ಇರೋರು ಉಪ್ಪಿನ ಮೇಲೆ ಸ್ವಲ್ಪ ಕೈ ಬಿಗಿ ಹಿಡೀರಿ, ಅಷ್ಟೇ.

ಗ್ಯಾಸ್ ಬೇಕಾ? ಇಲ್ಲೊಂದು ಸಮಾಧಾನದ ಸುದ್ದಿ. ಗ್ಯಾಸ್ ತಪ್ಪಿತಸ್ಥ ಅಲ್ಲ. ಬರೀ ಸೋಡಾ ಅಂದ್ರೆ ಒತ್ತಡ ಕೊಟ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ನೀರು, ಅದರಲ್ಲಿ ಸಕ್ಕರೆ ಇಲ್ಲ. 1872ರಲ್ಲಿ ಇಂಗ್ಲೆಂಡಿನ ಹಿರಮ್ ಕಾಡ್ ಪೇಟೆಂಟ್ ಪಡೆದ ಬಾಟಲಿಯೇ ನಮ್ಮ ಗೋಲಿ ಸೋಡಾ. ಅದಕ್ಕೆ ಲಿಂಬೆ, ಚಿಟಿಕೆ ಉಪ್ಪು ಹಾಕಿಸಿ ಕುಡಿದ್ರೆ ‘ಚುರ್ರ್’ ಅನ್ನೋದೂ ಸಿಕ್ತು, ಸಕ್ಕರೆಯೂ ತಪ್ಪಿತು.

ಚುರುಕು ಬೇಕಾ? ಆಗ ಚಾ. ಒಂದು ಸರ್ವಿಂಗ್ ಚಾದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತೆ, ದಿನಕ್ಕೆ 300 ಮಿ.ಗ್ರಾಂ. ಮೀರಬೇಡಿ ಅಂತ ಐಸಿಎಂಆರ್ 2024ರ ಆಹಾರ ಮಾರ್ಗಸೂಚಿ ಹೇಳುತ್ತೆ. ಸಂಜೆ ಮೇಲೆ ನಿದ್ದೆ ಕೆಡಬಾರದು ಅಂದ್ರೆ ಕಷಾಯ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತ್ಯ ಹುರಿದು ಪುಡಿ ಮಾಡಿಟ್ಕೊಂಡ್ರೆ ತಿಂಗಳಿಗೆ ಸಾಕು. ಕುದಿಯೋ ನೀರಿಗೆ ಒಂದು ಚಮಚ, ಮೇಲೆ ಹಾಲು. ಇದರಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಎಡವೋದು ಇಲ್ಲೇ

ಸಿಹಿ ಬೇಕು ಅನ್ನೋರ ಕಥೆ ಸ್ವಲ್ಪ ಕಷ್ಟ. ಕೋಲಾ ಬಿಟ್ಟು ಚಾ ಹಿಡಿದ್ರಿ ಅನ್ನಿ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಟ್ಟು ಆರು ಚಮಚ, 24 ಗ್ರಾಂ. ಅಂದ್ರೆ ಬಾಟಲಿ ಬಿಟ್ರೂ ಲೆಕ್ಕ ಅಲ್ಲೇ ನಿಂತಿದೆ!

‘ನಾವು ಬೆಲ್ಲ ಹಾಕ್ತೀವಿ, ತೊಂದರೆ ಇಲ್ಲ’ ಅನ್ನೋ ಮಾತೂ ಇದೆ. ಶಿರಸಿ ಕಡೆಯ ಜೋನಿ ಬೆಲ್ಲದ ರುಚಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಬೆಲ್ಲದಲ್ಲೂ ಬಹುಪಾಲು ಇರೋದು ಸಕ್ಕರೆಯೇ. ಆಲೆಮನೆಯ ಕಬ್ಬಿನ ಹಾಲೂ ಅಷ್ಟೇ: ವರ್ಷಕ್ಕೊಮ್ಮೆ ಆಲೆಮನೆ ಹಬ್ಬದಲ್ಲಿ ಕುಡೀರಿ, ದಿನಾ ಬೇಡ. ಅಂಗಡಿಯ ಕೋಕಂ ಸಿರಪ್‌ಗೂ ಸಕ್ಕರೆ ಧಾರಾಳವಾಗಿ ಸುರಿದಿರ್ತಾರೆ, ಲೇಬಲ್ ಓದಿ. 100 ಮಿ.ಲೀ.ಗೆ ಎಷ್ಟು ಗ್ರಾಂ ಸಕ್ಕರೆ ಅಂತ ಅಲ್ಲೇ ಬರೆದಿರುತ್ತೆ.

ಹಾಗಾದ್ರೆ ‘ಡಯಟ್’ ಕೋಲಾ? ತೂಕ ಹತೋಟಿಗೆ ಅಂತ ಸಕ್ಕರೆಯಲ್ಲದ ಸಿಹಿಕಾರಕಗಳನ್ನ ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ನಾಲಿಗೆಗೆ ಸಿಹಿಯ ರೂಢಿಯೂ ಹಾಗೇ ಉಳಿಯುತ್ತೆ.

ಇನ್ನೊಂದು ವಿಷಯ, ಹುಡುಗಿಯರು ವಿಶೇಷವಾಗಿ ಕೇಳಿ. ಚಾದಲ್ಲಿರೋ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶ ಮೈಗೆ ಸೇರೋದನ್ನ ತಡೆಯುತ್ತೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಹಾಗಾಗಿ ದೋಸೆ ಜೊತೆಗೇ ಚಾ ಅನ್ನೋ ಅಭ್ಯಾಸ ಬಿಡಿ. ಊಟ, ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಾ, ಕಾಫಿ ಬೇಡ. ಊಟದ ಜೊತೆ ಲಿಂಬು ನೀರು ಕುಡಿದ್ರೆ ಉಲ್ಟಾ ಲಾಭ, ಅದರ ವಿಟಮಿನ್ ಸಿ ಕಬ್ಬಿಣಾಂಶ ಹೀರೋಕೆ ಸಹಾಯ ಮಾಡುತ್ತೆ.

ನಾಳೆಯಿಂದ ಶುರು ಮಾಡೋದು ಹೇಗೆ?

ಒಂದೇ ದಿನಕ್ಕೆ ಎಲ್ಲ ಬಿಡಬೇಡಿ. ದಿನಾ ಕುಡಿಯೋರು ಮೊದಲ ವಾರ ದಿನ ಬಿಟ್ಟು ದಿನ ಮಾಡಿ, ಎರಡನೇ ವಾರ ಭಾನುವಾರಕ್ಕೆ ಮಾತ್ರ. ಕೋಲಾ ಜಾಸ್ತಿ ಕುಡೀತಿದ್ದೋರಿಗೆ ಕೆಫೀನ್ ತಪ್ಪಿ ಒಂದೆರಡು ದಿನ ತಲೆನೋವು ಬರಬಹುದು, ಆಗ ಒಂದು ಲೋಟ ಚಾ ಸಾಕು. ಚಾಗೆ ಎರಡು ಚಮಚ ಹಾಕೋರು ಒಂದೂವರೆಗೆ ಇಳಿಸಿ, ಆಮೇಲೆ ಒಂದಕ್ಕೆ. ಇಷ್ಟಿಷ್ಟೇ ಇಳಿಸಿದ್ರೆ ನಾಲಿಗೆ ಜಗಳ ಮಾಡಲ್ಲ. ಮನೆಯಿಂದ ಹೊರಡುವಾಗ ಒಂದು ಬಾಟಲಿ ಮಜ್ಜಿಗೆ ಅಥವಾ ನೀರು ಬ್ಯಾಗಿನಲ್ಲಿರಲಿ. ಶಿರಸಿ ಬಸ್ಸು ಕಾಯುವಾಗ ಬಾಯಾರಿದ್ರೆ ಅಂಗಡಿ ಫ್ರಿಜ್ ಕಡೆ ಕಣ್ಣು ಹೋಗೋದು ಕೈಯಲ್ಲಿ ಬೇರೇನೂ ಇಲ್ಲ ಅಂತಲೇ ಅಲ್ವಾ?

ನಿಮ್ಮ ಮನೇಲಿ ಕುಡಿಯೋಕೆ ಏನೇನು ಮಾಡ್ತಾರೆ? ಅಜ್ಜಿ, ಅಮ್ಮನ ಹತ್ರ ಕೇಳಿ, ನಮಗೂ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.