ಕೈ ಹೋಗದೆಡೆಗೆ ಕಡ್ಡಿ

ಬೆಂಗಳೂರ ಕಡೆಯಿಂದ ತುಮಕೂರಿಗೆ ಬರುವವರಿಗೆ ಕ್ಯಾತ್ಸಂದ್ರ ದಾಟಿದ ಮೇಲೆ ಬಟವಾಡಿ ಸಿಗುತ್ತದಷ್ಟೆ. ಹೆದ್ದಾರಿಯ ಧೂಳು ಅಲ್ಲಿನ ಮನೆಗಳ ಹೊಸ್ತಿಲವರೆಗೂ ಬರುತ್ತದೆ. ಅಂಗಳದಲ್ಲಿ ನಿಲ್ಲಿಸಿದ ವಾಹನವನ್ನು ಬಿಟ್ಟೀತೆ? ಭಾನುವಾರ ಬೆಳಿಗ್ಗೆ ಒಂದು ಬಕೆಟ್ಟು ನೀರು, ಹಳೆಯ ಪಂಚೆಯ ತುಂಡು ಹಿಡಿದು ಮೇಲೆ ಮೇಲೆ ಒರೆಸಿ, ಹೊಳಪು ಬಂತೆಂದು ಸಂತೋಷಪಡುವವರೇ ನಮ್ಮಲ್ಲಿ ಹೆಚ್ಚು. ವಾಹನವನ್ನು ತಿನ್ನುವ ಕೊಳೆಯಾದರೋ ಕೈ ಹೋಗದ ಸಂದಿಗಳಲ್ಲಿ ಕುಳಿತಿರುತ್ತದೆ.

ಈ ಸಂದಿಗಳಿಗೆ ಬೇಕಾದ ಸಲಕರಣೆಯನ್ನು ಅಂಗಡಿಯಿಂದ ತರಬೇಕಾಗಿಲ್ಲ. ನಮ್ಮದು ತೆಂಗಿನ ಸೀಮೆ. ತೆಂಗಿನ ಗರಿಯ ಕಡ್ಡಿ ಬಾಗುತ್ತದೆ, ಕಬ್ಬಿಣದ ತಂತಿಯಂತೆ ಬಣ್ಣವನ್ನು ಗೀರುವುದಿಲ್ಲ. ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ತು (ಮನೆಯವರ ಅಪ್ಪಣೆ ಪಡೆದು ಕೀಳುವುದು ಕ್ಷೇಮ), ಒಟ್ಟಿಗೆ ಹಿಡಿದು, ತುದಿಗೆ ಬಟ್ಟೆ ಸುತ್ತಿ ದಾರದಿಂದ ಬಿಗಿದರೆ ಒಳ್ಳೆಯ ಸಾಧನವಾಯಿತು. ಬಿದಿರ ಸೀಳಿಗೆ ತೆಂಗಿನ ನಾರು ಕಟ್ಟಿದರೆ ಗಟ್ಟಿ ಕುಂಚ. ಸವೆದ ಹಲ್ಲುಜ್ಜುವ ಬ್ರಷ್ಷನ್ನಂತೂ ಎಸೆಯಲೇಬಾರದು.

ಕಾರಿನ ಬಾಗಿಲುಗಳ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುವುದನ್ನು ಬಹಳ ಜನ ಗಮನಿಸಿರುವುದಿಲ್ಲ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹರಿದುಹೋಗಲೆಂದೇ ಅವು ಇರುವುದು. ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು, ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಗಡಿನ ಕಥೆ ಮುಗಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದೊಂದು ತೂತಿಗೂ ಕಡ್ಡಿಯನ್ನು ಮೆಲ್ಲನೆ ತೂರಿಸಿ ತಿರುಗಿಸಿ. ಐದು ನಿಮಿಷದ ಕೆಲಸ.

ಗಾಳಿಯಿಂದ ತಣಿಯುವ ಮೋಟಾರು ಸೈಕಲ್ ಎಂಜಿನ್ನಿನ ಮೈಮೇಲಿರುವ ಪದರಗಳ ನಡುವೆ ಕೆಸರು ಒಣಗಿದರೆ ಶಾಖ ಹೊರಗೆ ಹೋಗುವುದಿಲ್ಲ. ಅಲ್ಲಿಗೆ ನಾರಿನ ಕುಂಚ ಸರಿ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೈಹಾಕಬೇಕು.

ಇನ್ನು ಸರಪಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಸರಪಳಿಗೆ ಪೂರ್ತಿ ಮುಚ್ಚಳವಿತ್ತು. ಧೂಳು ಒಳಹೋಗುವುದು ಕಡಿಮೆ. ಈಗಿನ ಎಷ್ಟೋ ಗಾಡಿಗಳಲ್ಲಿ ಸರಪಳಿ ತೆರೆದೇ ಇರುತ್ತದೆ. ಬೇಗ ಮುಗಿಯಲೆಂದು ಎಂಜಿನ್ ಓಡಿಸಿ, ತಿರುಗುವ ಸರಪಳಿಗೆ ಬಟ್ಟೆ ಹಿಡಿಯುವವರುಂಟು. ಬಟ್ಟೆಯ ಅಂಚು ಹಲ್ಲುಚಕ್ರಕ್ಕೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ನನ್ನ ಪರಿಚಯದವರೊಬ್ಬರು ತೋರುಬೆರಳಿನ ತುದಿಯನ್ನು ಹೀಗೆಯೇ ಕಳೆದುಕೊಂಡರು. ಇಂದಿಗೂ ಅಂಗಿಯ ಗುಂಡಿ ಹಾಕುವಾಗ ತಡವರಿಸುತ್ತಾರೆ. ಆದ್ದರಿಂದ ಎಂಜಿನ್ ನಿಲ್ಲಿಸಿ, ಕೀಲಿಕೈ ಜೇಬಿಗೆ ಹಾಕಿ, ಗೇರು ತಪ್ಪಿಸಿ, ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಳ್ಳಿ. ಚಕ್ರವನ್ನು ಕೈಯಿಂದ ಗೇಣಷ್ಟು ತಿರುಗಿಸಿ. ಅದು ನಿಂತ ಮೇಲೆ ಉಜ್ಜಿ. ಮತ್ತೆ ಗೇಣಷ್ಟು ತಿರುಗಿಸಿ. ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಸಾಕು. ಅದು ಬ್ರೇಕಿಗೆ ಸಿಡಿದರೆ ಬ್ರೇಕು ಹಿಡಿಯುವುದಿಲ್ಲ. ಹಿಂದೆ ಒಂದು ರಟ್ಟು ಅಡ್ಡ ಇಡಿ. ಪೆಟ್ರೋಲ್ ಮಾತ್ರ ಬೇಡ. ಅದರ ಆವಿ ನೆಲದ ಮೇಲೆ ಹರಿದು ಅಡಿಗೆಮನೆಯ ಒಲೆಯನ್ನು ಹುಡುಕಿಕೊಂಡು ಹೋಗಬಲ್ಲುದು.

ಕಡ್ಡಿಯಾಗಲಿ ತಂತಿಯಾಗಲಿ ಹೋಗಬಾರದ ಎಡೆಯೂ ಒಂದಿದೆ: ಕಾರ್ಬ್ಯುರೇಟರಿನ ಜೆಟ್. ಹಿತ್ತಾಳೆಯ ಆ ರಂಧ್ರದ ಅಳತೆಯೇ ಪೆಟ್ರೋಲಿನ ಅಳತೆ. ತಂತಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗಿ, ಗಾಡಿ ಹೆಚ್ಚು ಕುಡಿಯತೊಡಗುತ್ತದೆ. ಬಿಚ್ಚಿದ ಜೆಟ್ಟಿಗೆ ಸೈಕಲ್ ಪಂಪಿನಿಂದ ಗಾಳಿ ಊದಿ; ಅದಕ್ಕೂ ಬಗ್ಗದಿದ್ದರೆ ಹೊಸದನ್ನು ಹಾಕಿಸಿ.