ನಿನ್ನೆಯವರೆಗೆ ಒಗ್ಗಿದ ಊಟ ಇಂದು ಒಗ್ಗದಾದಾಗ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದವರೇ. ತನಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಹಿರಿಯರು ಅನುಭವದಿಂದ ಅರಿತಿರುತ್ತಾರೆ. ಆದರೆ ಈ ಅರಿವಿಗೂ ಒಂದು ಮಿತಿ ಇದೆ. ನಲವತ್ತು ಐವತ್ತು ವರ್ಷ ಯಾವ ತೊಂದರೆಯೂ ಇಲ್ಲದೆ ತಿಂದ ಆಹಾರವೇ ಒಂದು ದಿನ ಇದ್ದಕ್ಕಿದ್ದಂತೆ ಮೈಗೆ ಆಗದೆ ಹೋಗಬಹುದು. ಮೈಯೆಲ್ಲ ದದ್ದು ಎದ್ದು, ತುಟಿ ಬಾತು, ಉಸಿರು ಕಟ್ಟತೊಡಗಿದರೂ, “ಸಿಗಡಿಯಿಂದ ಆಗಿರಲಾರದು, ಅದನ್ನು ಅವರು ಚಿಕ್ಕಂದಿನಿಂದಲೇ ತಿನ್ನುತ್ತಿದ್ದಾರಲ್ಲ” ಎಂದು ಮನೆಯವರು ಬೇರೆ ಕಾರಣ ಹುಡುಕುತ್ತಾರೆ. ಹೀಗೆ ಕಳೆಯುವ ಹತ್ತಿಪ್ಪತ್ತು ನಿಮಿಷ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಈ ಸಲ ನಡುವಯಸ್ಸಿನಲ್ಲಿ ಬರುವ ಆಹಾರದ ಅಲರ್ಜಿಯ ಬಗ್ಗೆ ತಿಳಿಯೋಣ.

ಹಳೆಯ ಆಹಾರ, ಹೊಸ ವೈರ

ರೋಗಾಣುಗಳನ್ನು ಎದುರಿಸಲು ನಮ್ಮ ಶರೀರದಲ್ಲಿ ಒಂದು ರಕ್ಷಣಾ ವ್ಯವಸ್ಥೆ ಇದೆ. ಕೆಲವೊಮ್ಮೆ ಅದು ನಿರುಪದ್ರವಿಯಾದ ಆಹಾರದ ಅಂಶವನ್ನೇ ಶತ್ರುವೆಂದು ತಿಳಿದು ಅದರ ವಿರುದ್ಧ ಸಜ್ಜಾಗುತ್ತದೆ. ಸಜ್ಜಾಗುವ ಹೊತ್ತಿನಲ್ಲಿ ನಮಗೆ ಏನೂ ತಿಳಿಯುವುದಿಲ್ಲ. ಮುಂದೆ ಅದೇ ಆಹಾರ ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಹೊರಬಿದ್ದು ತುರಿಕೆ, ಬಾವು, ವಾಂತಿ, ಉಬ್ಬಸ ಉಂಟಾಗುತ್ತವೆ.

ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಇದನ್ನು 1902ರಲ್ಲೇ ಕಂಡಿದ್ದರು. ಕಡಲ ಜೀವಿಯೊಂದರ ವಿಷವನ್ನು ಅವರು ನಾಯಿಗೆ ಚುಚ್ಚಿದಾಗ ಅದು ಚೇತರಿಸಿಕೊಂಡಿತು. ಸುಮಾರು ಮೂರು ವಾರಗಳ ನಂತರ ಸ್ವಲ್ಪವೇ ವಿಷ ಚುಚ್ಚಿದಾಗ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ಮೊದಲ ಸಲ ತಡೆದುಕೊಂಡದ್ದು ಎರಡನೆಯ ಸಲಕ್ಕೆ ರಕ್ಷಣೆ ಆಗಲಿಲ್ಲ. ಈ ಸಂಶೋಧನೆಗಾಗಿ ರಿಶೆಯವರಿಗೆ 1913ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಅಲರ್ಜಿ ಮಕ್ಕಳಿಗೆ ಮಾತ್ರ ಬರುವುದೆಂಬ ನಂಬಿಕೆಯೂ ಸರಿಯಲ್ಲ. ಅಮೆರಿಕಾದಲ್ಲಿ 40,000ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಆಹಾರದ ಅಲರ್ಜಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕನಿಷ್ಠ ಒಂದು ಅಲರ್ಜಿಯಾದರೂ ದೊಡ್ಡವರಾದ ಮೇಲೆ ಬಂದದ್ದು. ಅಲ್ಲಿ ಎಲ್ಲಕ್ಕಿಂತ ಮುಂದಿದ್ದುದು ಸಿಗಡಿ, ಏಡಿ, ಚಿಪ್ಪುಮೀನುಗಳ ಅಲರ್ಜಿ.

ಸಿಗಡಿಗೂ ಹಾಸಿಗೆಯ ಧೂಳಿಗೂ ನಂಟು

ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಸಿಗಡಿ, ಏಡಿ, ಮರುವಾಯಿ ಇಲ್ಲದ ಅಡುಗೆಮನೆ ವಿರಳ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೋಮಯೋಸಿನ್ ಎಂಬ ಪ್ರೋಟೀನು. ಎಷ್ಟು ಬೇಯಿಸಿದರೂ, ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಇದನ್ನು ಹೋಲುವ ಪ್ರೋಟೀನು ಹಾಸಿಗೆಯ ಧೂಳಿನ ನುಸಿಗಳಲ್ಲಿಯೂ ಜಿರಳೆಗಳಲ್ಲಿಯೂ ಇದೆ. ವರ್ಷಗಟ್ಟಲೆ ಧೂಳಿನಿಂದ ಸೀನು, ಉಬ್ಬಸ ಅನುಭವಿಸಿದ ಕೆಲವರಿಗೆ ಮುಂದೆ ಸಿಗಡಿಯೂ ಆಗದೆ ಹೋಗುವುದಕ್ಕೆ ಇದೊಂದು ಕಾರಣ. ಸಿಗಡಿ ಆಗದವರು ಒಣಸಿಗಡಿಯ ಚಟ್ನಿಯನ್ನೂ ದೂರವಿಡಬೇಕು.

ಉಣ್ಣಿ ಕಚ್ಚಿದರೆ ಮಾಂಸ ಆಗದೆ ಹೋಗಬಹುದೇ?

ಉಣ್ಣಿ ಎಂದೊಡನೆ ನಮಗೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಕಂಡುಬಂದ ಮಂಗನ ಕಾಯಿಲೆ ನೆನಪಾಗುತ್ತದೆ. ಆದರೆ ಕೆಲವು ಜಾತಿಯ ಉಣ್ಣಿಗಳಿಂದ ಇನ್ನೊಂದು ತೊಂದರೆಯೂ ಇದೆಯೆಂದು 2009ರ ಹೊತ್ತಿಗೆ ಅಮೆರಿಕಾ ಮತ್ತು ಆಸ್ಟ್ರೇಲಿಯಾದ ವೈದ್ಯರು ತಿಳಿಸಿದರು. ದನ, ಹಂದಿ, ಆಡು, ಕುರಿಗಳ ಮಾಂಸದಲ್ಲಿ ಆಲ್ಫಾ ಗ್ಯಾಲ್ ಎಂಬ ಒಂದು ಬಗೆಯ ಸಕ್ಕರೆಯ ಅಂಶ ಇದೆ. ಉಣ್ಣಿ ಕಚ್ಚಿದಾಗ ಈ ಅಂಶದ ವಿರುದ್ಧ ಕೆಲವರ ಶರೀರ ಸಜ್ಜಾಗಿಬಿಡುತ್ತದೆ. ಆಮೇಲೆ ಮಾಂಸ ತಿಂದರೆ ಅಲರ್ಜಿ. ಕೋಳಿಯಲ್ಲಿ, ಮೀನಿನಲ್ಲಿ ಈ ಅಂಶವಿಲ್ಲ.

ಇದರ ವಿಶೇಷವೆಂದರೆ ತೊಂದರೆ ಕೂಡಲೇ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಕಳೆದ ಮೇಲೆ ಬರುತ್ತದೆ. ಮದುವೆಯ ಮನೆಯಲ್ಲಿ ರಾತ್ರಿ ಎಂಟಕ್ಕೆ ಹಂದಿಮಾಂಸ ಉಂಡವರು ನಡುರಾತ್ರಿ ತುರಿಕೆಯಿಂದ ಎಚ್ಚೆತ್ತರೆ ಊಟದ ಮೇಲೆ ಯಾರಿಗೂ ಸಂಶಯ ಬಾರದು. ದನ ಸಾಕುವವರು, ಗುಡ್ಡದಲ್ಲಿ ಸೊಪ್ಪು ಹುಲ್ಲು ಕೊಯ್ಯುವವರು ಇಂಥ ಲಕ್ಷಣ ಕಂಡರೆ ಉಣ್ಣಿ ಕಚ್ಚಿದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ಕೆಲಸಕ್ಕೆ ಹೋಗುವಾಗ ಕೈಕಾಲು ಮುಚ್ಚುವ ಬಟ್ಟೆ ಧರಿಸಿ, ಮನೆಗೆ ಬಂದೊಡನೆ ಮೈ ನೋಡಿಕೊಳ್ಳಿ. ಕಚ್ಚಿಹಿಡಿದ ಉಣ್ಣಿಗೆ ಸೀಮೆಎಣ್ಣೆ ಹಾಕದೆ, ಬೆಂಕಿ ತಾಗಿಸದೆ, ಚರ್ಮಕ್ಕೆ ಒತ್ತಿ ಚಿಮ್ಮಟದಿಂದ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಮತ್ತೆ ಉಣ್ಣಿ ಕಚ್ಚದಂತೆ ನೋಡಿಕೊಂಡರೆ ಕೆಲವರಿಗೆ ವರ್ಷಗಳು ಕಳೆದಂತೆ ಈ ಅಲರ್ಜಿ ತಗ್ಗುವುದುಂಟು.

ರಬ್ಬರಿನ ಹಾಲು ಮತ್ತು ಬಾಳೆಹಣ್ಣು

ನಮ್ಮ ಅನೇಕ ಕುಟುಂಬಗಳ ಹೆಣ್ಣುಮಕ್ಕಳು ನರ್ಸ್ ಆಗಿ ದುಡಿಯುತ್ತಿದ್ದಾರೆ. ರಬ್ಬರ್ ಮರದ ಹಾಲಿನಿಂದಲೇ ತಯಾರಾಗುವ ಕೈಗವಸುಗಳನ್ನು ದಿನವೂ ತೊಡುವವರಲ್ಲಿ ಕೆಲವರಿಗೆ ರಬ್ಬರಿನ ಅಲರ್ಜಿ ಬರುತ್ತದೆ. ಅಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣುಗಳೂ ಆಗದೆ ಹೋಗುತ್ತವೆ. ಹಾಲಿನ ಪ್ರೋಟೀನಿಗೂ ಈ ಹಣ್ಣುಗಳ ಪ್ರೋಟೀನಿಗೂ ಹೋಲಿಕೆ ಇರುವುದೇ ಇದಕ್ಕೆ ಕಾರಣ. ಬಾಳೆಹಣ್ಣು ತಿಂದಾಗ ಬಾಯಿ ತುರಿಸಿದರೆ ಕೈಗವಸಿನ ವಿಷಯವನ್ನೂ ವೈದ್ಯರಿಗೆ ತಿಳಿಸಿ.

ಅಲರ್ಜಿಯಂತೆ ಕಾಣುವ ಬೇರೆ ತೊಂದರೆಗಳು

ತಿಂದದ್ದು ಆಗಲಿಲ್ಲ ಎಂಬುದೆಲ್ಲ ಅಲರ್ಜಿಯಲ್ಲ. ಬಂಗುಡೆ, ಬೂತಾಯಿ, ಕೇದರಗಳಂಥ ಮೀನನ್ನು ಸರಿಯಾಗಿ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರಲ್ಲೇ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಬೇಯಿಸಿದರೂ ಈ ದೋಷ ಹೋಗದು. ಒಂದೇ ಮೀನು ತಿಂದ ಹಲವರಿಗೆ ಒಟ್ಟಿಗೆ ಹೀಗಾದರೆ ಮೀನು ಕೆಟ್ಟಿರುವ ಸಂಭವ ಹೆಚ್ಚು, ಒಬ್ಬರಿಗೆ ಮಾತ್ರ ಆದರೆ ಅಲರ್ಜಿಯ ಸಂಶಯ ಹೆಚ್ಚು.

ಇನ್ನೊಂದು ಸಂಗತಿ ಹಿರಿಯರಿಗಾಗಿ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಮಾತ್ರೆಗಳಿಂದ ಕೆಲವರಿಗೆ ತುಟಿ, ನಾಲಿಗೆ ಬಾತುಕೊಳ್ಳುತ್ತವೆ. ಮಾತ್ರೆ ಶುರುಮಾಡಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಇದು ಬರಬಹುದು. ಇದೂ ಆಪತ್ತೇ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಮಾತ್ರೆಯ ಚೀಟಿ ಜತೆಯಲ್ಲಿರಲಿ.

ಆಪತ್ತನ್ನು ಗುರುತಿಸುವುದು ಹೇಗೆ?

ಬರೇ ದದ್ದು ಎದ್ದರೆ ಪಿತ್ತವೆಂದು ಪುನರ್ಪುಳಿಯ ಪಾನಕ ಕುಡಿಸುವ ರೂಢಿ ನಮ್ಮಲ್ಲಿದೆ. ಆದರೆ ಸ್ವರ ಒಡೆಯುವುದು, ಗಂಟಲು ಬಿಗಿಯುವುದು, ನಾಲಿಗೆ ಬಾಯುವುದು, ಉಬ್ಬಸ, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು, ದದ್ದಿನೊಂದಿಗೆ ಪದೇ ಪದೇ ವಾಂತಿ — ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯಬಾರದು. ಆಗ ಮಾಡಬೇಕಾದ್ದು ಇಷ್ಟು:

1. ಕೂಡಲೇ 108ಕ್ಕೆ ಕರೆಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಅತಿ ಹತ್ತಿರದ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಒಯ್ಯಿರಿ. ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ್ದನ್ನು ಬಿಟ್ಟು ನೇರವಾಗಿ ಮಂಗಳೂರಿಗೆ ಹೊರಡಬೇಡಿ.

2. ರೋಗಿಯನ್ನು ಮಲಗಿಸಿ ಕಾಲು ಎತ್ತರದಲ್ಲಿಡಿ. ಉಬ್ಬಸವಿದ್ದರೆ ಕುಳಿತಿರಲಿ. ಎದ್ದು ನಿಲ್ಲಲು, ನಡೆಯಲು ಬಿಡಬೇಡಿ. ಒಮ್ಮೆಲೇ ಎದ್ದಾಗ ರಕ್ತದೊತ್ತಡ ಕುಸಿದು ಪ್ರಾಣ ಹೋಗುವುದುಂಟು.

3. ಇದಕ್ಕೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ತುರಿಕೆಯನ್ನು ತಗ್ಗಿಸೀತು, ಕಟ್ಟುತ್ತಿರುವ ಉಸಿರನ್ನು ಬಿಡಿಸಲಾರದು.

4. ಗುಣವಾಯಿತೆಂದು ಅವಸರದಿಂದ ಮನೆಗೆ ಮರಳಬೇಡಿ. ಕೆಲವರಿಗೆ ಕೆಲವು ಗಂಟೆಗಳ ನಂತರ ಅದೇ ತೊಂದರೆ ಮರುಕಳಿಸುತ್ತದೆ. ವೈದ್ಯರು ಹೇಳುವವರೆಗೆ ಅಲ್ಲಿಯೇ ಇರಿ.

ಮರುದಿನದ ಕೆಲಸ

ಚೇತರಿಸಿಕೊಂಡ ಮೇಲೆ ಒಂದು ಕಾಗದದಲ್ಲಿ ಬರೆದಿಡಿ: ಹಿಂದಿನ ಆರೇಳು ಗಂಟೆಗಳಲ್ಲಿ ಏನೇನು ತಿಂದಿರಿ, ಎಷ್ಟು ಹೊತ್ತಿನ ಮೇಲೆ ತೊಂದರೆ ಶುರುವಾಯಿತು, ಮದ್ಯ ಕುಡಿದಿದ್ದಿರೇ, ನೋವಿನ ಮಾತ್ರೆ ನುಂಗಿದ್ದಿರೇ, ಉಂಡ ಕೂಡಲೇ ಕಷ್ಟದ ಕೆಲಸಕ್ಕೆ ಇಳಿದಿರೇ. ಊಟದೊಂದಿಗೆ ಇವುಗಳಲ್ಲಿ ಯಾವುದಾದರೂ ಒಂದು ಸೇರಿದಾಗ ಮಾತ್ರ ಎದ್ದೇಳುವ ಅಲರ್ಜಿಗಳೂ ಇವೆ. ಗೋಧಿಯ ಪರೋಟ ತಿಂದು ಸುಮ್ಮನಿದ್ದರೆ ಏನೂ ಆಗದವರಿಗೆ, ತಿಂದೊಡನೆ ಹೊರೆ ಹೊತ್ತು ಗುಡ್ಡ ಹತ್ತಿದರೆ ಆಪತ್ತು ಬರುವುದುಂಟು. ಗೋಧಿ ಆಗುವುದಿಲ್ಲವೆಂದು ದೃಢಪಟ್ಟವರು, ಓಸ್ತಿಯೂ ಗೋಧಿಯದೇ ಆದ್ದರಿಂದ ಗುರುಗಳಲ್ಲಿ ಮೊದಲೇ ಮಾತಾಡಲಿ.

ಈ ಬರಹ ವೈದ್ಯರಿಗೆ ತುಂಬ ಉಪಯುಕ್ತ. ಚರ್ಮದ ಪರೀಕ್ಷೆ, ರಕ್ತಪರೀಕ್ಷೆಗಳು ಇವೆ ನಿಜ. ಆದರೆ ಪರೀಕ್ಷೆಯಲ್ಲಿ ಅಲರ್ಜಿ ತೋರಿದ ಆಹಾರವನ್ನು ಎಷ್ಟೋ ಮಂದಿ ಸುಖವಾಗಿ ತಿನ್ನುತ್ತಿರುತ್ತಾರೆ. ಪರೀಕ್ಷೆಯ ಚೀಟಿಯನ್ನಷ್ಟೇ ನಂಬಿ ಹಾಲು, ಮೊಟ್ಟೆ, ಮೀನು ಎಲ್ಲವನ್ನೂ ಬಿಟ್ಟು ಸೊರಗುವುದು ಬೇಡ. ಹಾಗೆಯೇ, ನಿಜವಾಗಿಯೂ ಆಗುವುದಿಲ್ಲವೇ ನೋಡೋಣವೆಂದು ಮನೆಯಲ್ಲಿ ಒಂದು ತುತ್ತು ತಿಂದು ಪರೀಕ್ಷಿಸುವುದಂತೂ ಬೇಡವೇ ಬೇಡ.

ಅಲರ್ಜಿ ದೃಢಪಟ್ಟ ಮೇಲೆ ಮನೆಯವರಿಗೆ, ತೋಟದ ಕೆಲಸದ ಜತೆಗಾರರಿಗೆ ಆ ಆಹಾರದ ಹೆಸರು ತಿಳಿದಿರಲಿ. ಚೀಟಿಯೊಂದನ್ನು ಕಿಸೆಯಲ್ಲಿಟ್ಟುಕೊಳ್ಳಿ. ಹಬ್ಬದ ಊಟಕ್ಕೆ ಕರೆದವರ ಮನೆಯಲ್ಲಿ, “ಇದು ನನಗೆ ಆಗುವುದಿಲ್ಲ” ಎನ್ನಲು ಸಂಕೋಚಪಡಬೇಕಾಗಿಲ್ಲ. ಬಡಿಸುವವರೂ, “ಸ್ವಲ್ಪ ತಿಂದರೆ ಏನಾಗದು, ಮೊದಲು ತಿನ್ನುತ್ತಿದ್ದಿರಲ್ಲ” ಎಂದು ಒತ್ತಾಯ ಮಾಡದಿರಲಿ. ಮೊದಲು ತಿನ್ನುತ್ತಿದ್ದುದು ಇಂದಿಗೆ ಸಾಕ್ಷಿಯಲ್ಲ.